ದೇವರ ಪಟದ ಹಿಂದಿನ ತಂತಿ

ತಂತಿ ಬಂದ ಮೇಲೆ ಜಗತ್ತು ಚಿಕ್ಕದಾಯಿತು ಎಂದು ಎಲ್ಲರೂ ಹೇಳುತ್ತಾರೆ. ಪಠ್ಯಪುಸ್ತಕ ಹೇಳುತ್ತದೆ, ಮೇಷ್ಟರು ಹೇಳುತ್ತಾರೆ, ಕಾಲೇಜಿನಲ್ಲಿದ್ದಾಗ ತುಮಕೂರಿನ ಒಂದು ಚರ್ಚಾಸ್ಪರ್ಧೆಯಲ್ಲಿ ನಾನೂ ಮೇಜು ಕುಟ್ಟಿ ಹೇಳಿದ್ದೇನೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಂಚೆ ಬಂತು, ತಂತಿ ಬಂತು, ಫೋಟೋ ಬಂತು, ಟೆಲಿಫೋನು ಬಂತು, ಊರೂರು ಹತ್ತಿರವಾದವು, ಮನಸ್ಸು ಮನಸ್ಸು ಬೆಸೆದವು, ಇತ್ಯಾದಿ. ಆ ಭಾಷಣಕ್ಕೆ ಬಹುಮಾನವಾಗಿ ಬಂದ ಗೋಡೆ ಗಡಿಯಾರ ವಾರದೊಳಗೆ ನಿಂತುಹೋಯಿತು. ಭಾಷಣ ಮಾತ್ರ ಇವತ್ತಿಗೂ ಅಲ್ಲಲ್ಲಿ ಯಾರಾದರೊಬ್ಬರ ಬಾಯಲ್ಲಿ ಓಡುತ್ತಲೇ ಇದೆ.

ಈಗ ಅದೇ ವಿಷಯದ ಮೇಲೆ ವಿರುದ್ಧವಾಗಿ ಮಾತಾಡಲು ಯಾರಾದರೂ ಕರೆದರೆ ನನ್ನ ಹತ್ತಿರ ಒಂದೇ ಒಂದು ಸಾಕ್ಷ್ಯವಿದೆ. ಮಧುಗಿರಿಯಿಂದ ವೈ.ಎನ್.ಹೊಸಕೋಟೆಗೆ ಬಸ್ಸಿನಲ್ಲಿ ಒಂದು ಬೆಳಗಿನ ದಾರಿ. ಬೆಟ್ಟದ ಬುಡದಲ್ಲಿರುವ ನಮ್ಮ ಬೀದಿಗೆ ಒಂದು ತಂತಿ ಬಂದ ದಿನದಿಂದ ಆ ದಾರಿ ಅರ್ಧ ಶತಮಾನದಷ್ಟು ಉದ್ದವಾಯಿತು. ನಮ್ಮಜ್ಜಿ ರಂಗಮ್ಮ ಮಧುಗಿರಿಯಲ್ಲಿ, ಅವಳ ಒಡಹುಟ್ಟಿದ ಅಣ್ಣ ಹೊಸಕೋಟೆಯಲ್ಲಿ. ಇಬ್ಬರೂ ಬದುಕಿದ್ದಾರೆ, ಇಬ್ಬರಿಗೂ ಕಿವಿ ಸುಮಾರಾಗಿ ಕೇಳುತ್ತದೆ. ಮಾತು ಮಾತ್ರ ಇಲ್ಲ.

ಇದನ್ನೆಲ್ಲ ಈಗ ಕೆದಕಿದ್ದು ಊದುಬತ್ತಿ. ನಮ್ಮ ದೇವರ ಗೂಡಿನಲ್ಲಿ ಊದುಬತ್ತಿ ಸಿಕ್ಕಿಸುವುದಕ್ಕೆ ಒಂದು ಬಿಳಿ ಪಿಂಗಾಣಿ ಬಟ್ಟಲಿದೆ. ಬಟ್ಟಲೆಂದರೆ ಪೂರ್ತಿ ಬಟ್ಟಲಲ್ಲ, ಬೋರಲು ಹಾಕಿದ ಗಂಟೆಯ ಆಕಾರ, ತಲೆಯಲ್ಲೊಂದು ತೂತು. ಚಿಕ್ಕವಳಿದ್ದಾಗ ಅದು ಕಾಶಿಯಿಂದ ಬಂದದ್ದೆಂದು ನಂಬಿದ್ದೆ. ಹಬ್ಬದ ದಿನ ಅದಕ್ಕೂ ಕುಂಕುಮ ಇಡುತ್ತಿದ್ದೆ. ಮೊನ್ನೆ ತೊಳೆಯುವಾಗ ಅದರ ಪಕ್ಕೆಯಲ್ಲಿ ಸವೆದ ಇಂಗ್ಲಿಷ್ ಅಕ್ಷರಗಳು ಕಂಡವು. ಅಪ್ಪನನ್ನು ಕೇಳಿದರೆ, ತಂತಿಕಂಬದ ತಲೆಯ ಮೇಲೆ ತಂತಿ ಬಿಗಿಯುತ್ತಿದ್ದ ಪಿಂಗಾಣಿಯಂತೆ ಅದು. ಕಂಬಗಳನ್ನು ಕಿತ್ತ ಕಾಲದಲ್ಲಿ ತಾತ ಎತ್ತಿಕೊಂಡು ಬಂದದ್ದು. ಕಂಬ ಸಿಕ್ಕವರು ಕೊಟ್ಟಿಗೆಗೆ ಆಸರೆ ಕೊಟ್ಟರು, ತಂತಿ ಸಿಕ್ಕವರು ಬಟ್ಟೆ ಒಣಗಹಾಕಿದರು, ನಮ್ಮ ಪಾಲಿಗೆ ಪಿಂಗಾಣಿ ಬಂತು. ಒಂದು ಸಾಮ್ರಾಜ್ಯ ಸುದ್ದಿ ಸಾಗಿಸಲು ನೆಟ್ಟ ಸಾಮಾನನ್ನು ನಮ್ಮ ಬೀದಿ ಹೀಗೆ ಸದುಪಯೋಗ ಮಾಡಿಕೊಂಡಿತು. ಅದರಲ್ಲೂ ತಂತಿಯಿಂದಲೇ ನೆಂಟಸ್ತಿಕೆ ಕಳೆದುಕೊಂಡ ಮನೆಯವರು ತಂತಿಯ ತುಂಡಿಗೆ ದಿನಾ ಊದುಬತ್ತಿ ಹಚ್ಚುತ್ತಿದ್ದೇವೆ ಎಂದರೆ, ನಮಗೆ ಕ್ಷಮಾಗುಣ ಇಲ್ಲ ಎಂದು ಯಾರೂ ಹೇಳುವಂತಿಲ್ಲ.

ಹೊಸ ಸಲಕರಣೆ ಬಂದು ಸಮಾಜವನ್ನು ಬದಲಿಸಿತು ಎನ್ನುವವರು ಸಮಾಜ ಆ ಸಲಕರಣೆಗೆ ಏನು ಮಾಡಿತು ಎಂದು ಕೇಳುವುದೇ ಇಲ್ಲ. ಫೋಟೋವನ್ನೇ ತೆಗೆದುಕೊಳ್ಳಿ. ಫೋಟೋ ತೆಗೆಸಿದರೆ ಆಯಸ್ಸು ಕಡಿಮೆಯಾಗುತ್ತದೆಂದು ನಮ್ಮ ಮುತ್ತಜ್ಜ ಜೀವಮಾನವಿಡೀ ಕ್ಯಾಮೆರಾಕ್ಕೆ ಬೆನ್ನು ಹಾಕಿದವನು. ಆದರೂ ಅವನದೊಂದು ಫೋಟೋ ಇದೆ. ಕುರ್ಚಿಯ ಮೇಲೆ, ಹೆಗಲಿಗೆ ಶಾಲು, ಕಣ್ಣು ಮುಚ್ಚಿ ಕೂತಿದ್ದಾನೆ. ಅಕ್ಕಪಕ್ಕ ಮಕ್ಕಳು ಬಿಗಿಯಾಗಿ ನಿಂತಿದ್ದಾರೆ. ಫೋಟೋ ತೆಗೆಯುವಾಗಲೂ ಮುತ್ತಜ್ಜನಿಗೆ ತೂಕಡಿಕೆ ಬಂತಲ್ಲ ಎಂದು ನಾನು ನಗುತ್ತಿದ್ದೆ. ಒಂದು ದಿನ ಅಪ್ಪ, ಮುತ್ತಜ್ಜ ಅಷ್ಟರಲ್ಲೇ ತೀರಿಕೊಂಡಿದ್ದ, ಬಸ್‌ಸ್ಟ್ಯಾಂಡಿನ ಹತ್ತಿರದ ಸ್ಟುಡಿಯೋದವನನ್ನು ಕರೆಸಿ, ಕೂರಿಸಿ ತೆಗೆಸಿದ್ದು ಎಂದ ಮೇಲೆ ಆ ಪಟದ ಕೆಳಗೆ ಮಲಗುವುದನ್ನು ಬಿಟ್ಟೆ. ಈಗ ಯೋಚಿಸಿದರೆ ಆ ಕಾಲದವರ ತರ್ಕಕ್ಕೆ ಕೈ ಮುಗಿಯಬೇಕೆನಿಸುತ್ತದೆ. ಆಯಸ್ಸು ಕಡಿಮೆಯಾಗದಂತೆ ಫೋಟೋ ತೆಗೆಸಿಕೊಳ್ಳಬಹುದಾದ ಏಕೈಕ ಸುರಕ್ಷಿತ ಸಮಯವನ್ನು ಅವರು ಕಂಡುಹಿಡಿದಿದ್ದರು.

ಟೆಲಿಫೋನಿನ ಕತೆಯೂ ಅಷ್ಟೆ. ನಮ್ಮ ಬೀದಿಗೆಲ್ಲ ಮೊದಲು ಕಿರಾಣಿ ಅಂಗಡಿಯಲ್ಲೊಂದು ಫೋನಿತ್ತಂತೆ. ಕೊರಟಗೆರೆಗೆ ಮಾತಾಡುವವರು ಮಾಮೂಲು ದನಿಯಲ್ಲಿ ಮಾತಾಡುತ್ತಿದ್ದರು, ಶಿರಾಕ್ಕೆ ಸ್ವಲ್ಪ ಜೋರು, ಪಾವಗಡವಾದರೆ ಎದ್ದು ನಿಂತು ಕೂಗುತ್ತಿದ್ದರು. ನಡುವೆ ಆಂಧ್ರ ಬೇರೆ ದಾಟಬೇಕಲ್ಲ. ಇನ್ನು ರೈಲಿನ ಮಾತು ಬೇಡ. ತುಮಕೂರಿನಿಂದ ಕೊರಟಗೆರೆ, ಮಧುಗಿರಿ, ಪಾವಗಡದ ಮೇಲೆ ರೈಲು ಬರುತ್ತದೆ ಎಂಬ ಸುದ್ದಿ ನಾನು ಶಾಲೆಗೆ ಹೋಗುತ್ತಿದ್ದಾಗಿನಿಂದ ತಪ್ಪದೆ ಬರುತ್ತಿದೆ. ನಮ್ಮ ತಾಲ್ಲೂಕಿನ ಮಟ್ಟಿಗೆ ಹತ್ತೊಂಬತ್ತನೆಯ ಶತಮಾನ ಇನ್ನೂ ಪೂರ್ತಿ ಬಂದು ಮುಟ್ಟಿಲ್ಲ.

ತಂತಿಯೊಂದೇ ಸರಿಯಾಗಿ ಮುಟ್ಟಿದ್ದು. ಅದು ಮಾಡಿದ ಘನಕಾರ್ಯವನ್ನು ಯಾವ ಪಠ್ಯಪುಸ್ತಕವೂ ಬರೆದಿಲ್ಲ, ಆದ್ದರಿಂದ ನಾನೇ ಹೇಳುತ್ತೇನೆ. ನಮ್ಮ ಕಡೆ ಸೂತಕ ಶುರುವಾಗುವುದು ಸತ್ತಾಗಲ್ಲ, ಕೇಳಿದಾಗ. ಅದು ಕಿವಿಯ ಮೂಲಕ ಮನೆಯೊಳಗೆ ಬರುತ್ತದೆ. ಹಿಂದೆ ಸಾವಿನ ಸುದ್ದಿ ಹೇಳಲು ಒಬ್ಬ ಆಳು ಊರಿಂದೂರಿಗೆ ನಡೆದು ಬರಬೇಕಿತ್ತು. ದೂರದ ಊರಾದರೆ ಅವನು ಬಂದು ತಲುಪುವ ಹೊತ್ತಿಗೆ ಅಲ್ಲಿ ತಿಥಿಯೂ ಮುಗಿದಿರುತ್ತಿತ್ತು. ಕೇಳಿದವರು ಉಟ್ಟ ಬಟ್ಟೆಯಲ್ಲೇ ತಲೆಗೆ ನೀರು ಹುಯ್ದುಕೊಂಡರೆ ಮುಗಿಯಿತು. ಸಂಜೆಗೆ ಒಲೆಯ ಮೇಲೆ ಮುದ್ದೆಗೆ ಎಸರು. ತಂತಿ ಬಂದು ಈ ಅನುಕೂಲವನ್ನೆಲ್ಲ ಹಾಳು ಮಾಡಿತು. ಬೆಳಿಗ್ಗೆ ಹೋದವನ ಸುದ್ದಿ ಸಂಜೆಗೇ ಬಾಗಿಲಲ್ಲಿ. ಸಾಯುವವರೇನೂ ಹೆಚ್ಚಾಗಲಿಲ್ಲ, ಆದರೆ ಹೊತ್ತಿಗೆ ಸರಿಯಾಗಿ ಕೇಳಿಸಿಕೊಳ್ಳುವವರು ಹೆಚ್ಚಾದರು. ಹಬ್ಬ ನಿಂತವು, ಮದುವೆ ಮುಂದಕ್ಕೆ ಹೋದವು. ಪ್ರಗತಿಯ ಮೊದಲ ಫಲವಾಗಿ ನಮ್ಮ ಸೀಮೆಗೆ ಸಿಕ್ಕಿದ್ದು ಹೆಚ್ಚುವರಿ ಸೂತಕ.

ಇದಕ್ಕೆ ನಮ್ಮವರು ಒಂದು ಉಪಾಯ ಕಂಡುಕೊಂಡರು. ಚಪ್ಪರ ಹಾಕಿದ ಮನೆಗೆ ತಂತಿ ಬಂದರೆ ಅದನ್ನು ಒಡೆಯಬಾರದು. ಒಡೆಯದಿದ್ದರೆ ಓದಿದಂತಲ್ಲ, ಓದದಿದ್ದರೆ ಕೇಳಿದಂತಲ್ಲ, ಕೇಳದಿದ್ದರೆ ಯಾರೂ ಸತ್ತಿಲ್ಲ. ನಾನೀಗ ಮಧುಗಿರಿ ಕೋರ್ಟಿನಲ್ಲಿ ಹಿರಿಯ ವಕೀಲರೊಬ್ಬರ ಕೈಕೆಳಗೆ ಕಲಿಯುತ್ತಿದ್ದೇನೆ. ಇಷ್ಟು ಬಿಗಿಯಾದ ವಾದವನ್ನು ಅಲ್ಲಿ ಇನ್ನೂ ಕೇಳಿಲ್ಲ. ಮದುವೆಗೆ ಶುಭಾಶಯದ ತಂತಿಗಳೂ ಬರುತ್ತಿದ್ದವಲ್ಲ ಎಂದು ನೀವು ತಕರಾರು ತೆಗೆಯಬಹುದು. ಬರುತ್ತಿದ್ದವು, ಆಫೀಸರುಗಳ ಮನೆಗೆ. ರಾಗಿ, ಕಡ್ಲೆಕಾಯಿ ಬೆಳೆಯುವವರಿಗೆ ಹಾರೈಸಲು ಪದಕ್ಕಿಷ್ಟು ಎಂದು ಯಾರು ದುಡ್ಡು ಕೊಟ್ಟಾರು? ನಮಗೆ ಅಷ್ಟು ಖರ್ಚು ಮಾಡಿ ಬರುತ್ತಿದ್ದ ಸುದ್ದಿ ಒಂದೇ ಒಂದು.

ಹಾಗೆಂದು ಎಲ್ಲರೂ ತಿಳಿದಿದ್ದರು. ಕತೆ ಇರುವುದೇ ಇಲ್ಲಿ.

ಮದುವೆ ಶಾರದತ್ತೆಯದು, ಅಂದರೆ ನಮ್ಮಪ್ಪನ ಅಕ್ಕನದು. ಅವಳು ಈಗ ಶಿರಾದಲ್ಲಿ ಮೊಮ್ಮಕ್ಕಳ ನಡುವೆ ಇದ್ದಾಳೆ. ಈ ಪ್ರಕರಣದ ಮುಖ್ಯ ಸಾಕ್ಷಿ ಅವಳೇ. ಮದುಮಗಳಾದ್ದರಿಂದ ತಲೆ ತಗ್ಗಿಸಿ ಕೂತಿದ್ದೆ, ಏನೂ ನೋಡಿಲ್ಲ ಎಂದು ಮೊದಲು ಹೇಳಿ, ಆಮೇಲೆ ಎಲ್ಲವನ್ನೂ ಹೇಳುತ್ತಾಳೆ. ನಮ್ಮಲ್ಲಿ ಮದುಮಗಳನ್ನು ಒಳಗಿಂದ ಹಸೆಮಣೆಗೆ ಕೈಹಿಡಿದು ಕರೆತರಬೇಕಾದವನು ಸೋದರಮಾವ. ಬೇರೆ ಯಾರಿಲ್ಲದಿದ್ದರೂ ನಡೆದೀತು, ಸೋದರಮಾವ ಇಲ್ಲದೆ ನಡೆಯುವುದಿಲ್ಲ. ಅವನು ತರುವ ಸೀರೆಗೆ ಮಾವನ ಸೀರೆ ಎಂದೇ ಹೆಸರು. ಆ ಮಾವನೇ ಅಜ್ಜಿಯ ಅಣ್ಣ. ನಮ್ಮ ಮನೆಯಲ್ಲಿ ಮೂರು ತಲೆಮಾರೂ ಅವನನ್ನು ಕರೆಯುವುದು ಹೊಸಕೋಟೆ ಮಾವ ಎಂದು, ಅಂದರೆ ಹೆಸರೆತ್ತಬೇಕಾಗಿ ಬಂದಾಗ.

ಮಾವ ಹಿಂದಿನ ದಿನವೇ ಬರಬೇಕಿತ್ತು, ಬರಲಿಲ್ಲ. ಮದುವೆಯ ಬೆಳಿಗ್ಗೆ ಚಪ್ಪರಕ್ಕೆ ಮಾವಿನ ಸೊಪ್ಪು ಕಟ್ಟುತ್ತಿದ್ದ ಹೊತ್ತಿಗೆ ಖಾಕಿಯವನೊಬ್ಬ ಸೈಕಲ್ಲಿನಲ್ಲಿ ಬಂದು ತಂತಿ ಕೊಟ್ಟು ಹೋದ. ಸಂತೋಷದ ಸುದ್ದಿಯಾಗಿದ್ದರೆ ಅವನು ಭಕ್ಷೀಸಿಗೆ ಹಲ್ಲು ಬಿಟ್ಟುಕೊಂಡು ನಿಲ್ಲಬೇಕಿತ್ತು, ನಿಲ್ಲಲಿಲ್ಲ, ತಿರುಗಿ ನೋಡದೆ ಹೋದ. ಸಾಕ್ಷ್ಯ ನಂಬರ್ ಒಂದು. ಹಿಂದಿನ ತಿಂಗಳು ಕಂಡಾಗ ಮಾವ ಕೆಮ್ಮುತ್ತಿದ್ದ. ಸಾಕ್ಷ್ಯ ನಂಬರ್ ಎರಡು. ಎಲ್ಲರ ಮುಖದಲ್ಲೂ ಅಲ್ಲಿಗೆ ತೀರ್ಪು ಬರೆದಾಗಿತ್ತು. ಸೈಕಲ್ಲಿನವನಿಗೆ ಇನ್ನೂ ನಾಲ್ಕು ಮನೆ ಸುತ್ತುವುದಿದ್ದಿರಬಹುದು, ಅವನಿಗೆ ಅವತ್ತು ಹೊಟ್ಟೆ ಕೆಟ್ಟಿರಬಹುದು ಎಂದು ಯಾರೂ ಯೋಚಿಸಲಿಲ್ಲ.

ತಂತಿ ಇಂಗ್ಲಿಷಿನಲ್ಲಿರುತ್ತಿತ್ತು. ಓದಬೇಕೆಂದರೆ ಬೀದಿಗೊಬ್ಬರಾದ ಮೇಷ್ಟರೇ ಓದಬೇಕು. ಮೇಷ್ಟರು ಅಲ್ಲೇ ಏಣಿ ಹಿಡಿದುಕೊಂಡಿದ್ದರು. ಅವರನ್ನು ಯಾರೂ ಕೇಳಲಿಲ್ಲ, ಅವರೂ ಕೇಳಿಸಿಕೊಳ್ಳುವ ಆತುರ ತೋರಿಸದೆ, ಏಣಿಯನ್ನು ಇನ್ನೊಬ್ಬರ ಕೈಗೆ ಕೊಟ್ಟು ಚಪ್ಪರದ ಆಚೆ ತುದಿಗೆ ಹೋಗಿ ನಿಂತರು. ತಾತ ಆ ಲಕೋಟೆಯನ್ನು ಒಳಗೆ ಒಯ್ದು ದೇವರ ಪಟದ ಹಿಂದೆ ಸಿಕ್ಕಿಸಿದ. ದೇವರಿಗೆ ಇಂಗ್ಲಿಷ್ ಬರುವುದಿಲ್ಲ ಎಂಬ ಧೈರ್ಯವಿರಬೇಕು. ಧಾರೆ ಎರೆಯಲು ಕೂರಬೇಕಾದ ತಾಯಿ ತನ್ನ ಅಣ್ಣನ ಸಾವು ಕೇಳಿದ ಮೇಲೆ ಕೂರುವಂತಿಲ್ಲ. ಆದ್ದರಿಂದ ಕೇಳದಂತೆ ನೋಡಿಕೊಂಡದ್ದು ಎಂದು ಮನೆಯವರ ವಿವರಣೆ. ಮಾವನ ಜಾಗಕ್ಕೆ ಗೌಡಗೆರೆಯಿಂದ ಬಂದಿದ್ದ ದೂರದ ನೆಂಟನೊಬ್ಬನನ್ನು ನಿಲ್ಲಿಸಿದರು. ಅವನು ಅತ್ತೆಯ ಕೈಹಿಡಿದು ಹಸೆಮಣೆಗೆ ಕರೆತಂದ. ಧಾರೆಯಾಯಿತು.

ಮೊದಲ ಪಂಕ್ತಿಗೆ ಎಲೆ ಹಾಕಿದ್ದಾಗ ಬೀದಿಯಲ್ಲಿ ಕಡ್ಲೆಕಾಯಿ ಮೂಟೆಯ ಲಾರಿಯೊಂದು ನಿಂತಿತು. ಅದರ ಮೇಲಿಂದ ಇಳಿದವನು ತಲೆಯಿಂದ ಕಾಲಿನವರೆಗೆ ಕೆಮ್ಮಣ್ಣು ಮೆತ್ತಿಕೊಂಡು, ಕಂಕುಳಲ್ಲಿ ಒಂದು ಸೀರೆಯ ಗಂಟು ಅವುಚಿಕೊಂಡು ಚಪ್ಪರದ ಬಾಗಿಲಲ್ಲಿ ನಿಂತ. ಹೆಂಗಸರು ಕಿರುಚಿಕೊಂಡರು. ಊಟಕ್ಕೆ ಕೂತವರಲ್ಲಿ ಕೆಲವರು ಎದ್ದೇಬಿಟ್ಟರು. ತಾತ ಕೈಯಲ್ಲಿದ್ದ ಅನ್ನದ ಪುಟ್ಟಿ ಕೆಳಗಿಟ್ಟು, ಇಡೀ ಮದುವೆಯಲ್ಲಿ ಯಾರೂ ಮರೆಯದ ಸ್ವಾಗತವಾಕ್ಯ ಹೇಳಿದ.

“ಅಯ್ಯೋ ಭಾವ, ನೀವು ಬದ್ಕಿದ್ದೀರಾ?”

ಮಾವನಿಗೆ ಅರ್ಥವಾಗಲಿಲ್ಲ. ತಂತಿ ಕೊಟ್ಟಿದ್ದೆನಲ್ಲ ಎಂದ. ಆಗ ಅದು ಪಟದ ಹಿಂದಿನಿಂದ ಹೊರಗೆ ಬಂತು. ಮೇಷ್ಟರು ಈಗ ಧೈರ್ಯವಾಗಿ ಒಡೆದು ಎಲ್ಲರೆದುರು ಓದಿದರು: ಬಸ್ಸು ತಪ್ಪಿದೆ, ಮಧ್ಯಾಹ್ನದೊಳಗೆ ಬರುತ್ತೇನೆ, ಧಾರೆ ನಿಲ್ಲಿಸಿ. ಪುರೋಹಿತರು, ನಿಲ್ಲಿಸಬಹುದಿತ್ತು, ಮಧ್ಯಾಹ್ನಕ್ಕೂ ಒಂದು ಒಳ್ಳೆಯ ಲಗ್ನವಿತ್ತು ಎಂದು ಯಾರೂ ಕೇಳದಿದ್ದರೂ ಹೇಳಿದರಂತೆ. ಇಂಥ ಮಾಹಿತಿ ಇಂಥ ಹೊತ್ತಿಗೇ ಸಿಗುತ್ತದೆ.

ಮಾವ ಕಾಗದವನ್ನು ನೋಡಲಿಲ್ಲ, ಅದನ್ನು ಸುತ್ತಿದ್ದ ಲಕೋಟೆಯನ್ನು ನೋಡಿದ. ಈಗ ತಾನೇ ಹರಿದದ್ದು. ಪಾವಗಡದ ತನಕ ಹೋಗಿ ತಂತಿ ಕೊಟ್ಟು, ಲಾರಿ ಹಿಡಿದು, ಮೂಟೆಗಳ ಮೇಲೆ ಕೂತು ಬಂದವನಿಗೆ ಅದನ್ನು ಮೊದಲೇ ಯಾಕೆ ಹರಿದಿರಲಿಲ್ಲ ಎಂಬುದು ನಿಧಾನವಾಗಿ ತಿಳಿಯಿತು. ಅವನು ತಾತನನ್ನು ಬಿಟ್ಟು ತಂಗಿಯ ಮುಖ ನೋಡಿದ. ಅವಳು ತುಪ್ಪದ ಗಿಂಡಿ ಹಿಡಿದು ಎರಡು ಎಲೆಗಳ ನಡುವೆ ನಿಂತಿದ್ದಳು.

“ಸತ್ತೋನ ಕೈ ಸೀರೆ ಮದುಮಗ್ಳಿಗ್ಯಾಕೆ ಬುಡು,” ಎಂದ. “ನಿನ್ನ ಹೊಸ್ಲು ನಾನು ತುಳಿಯಾಕಿಲ್ಲ. ನನ್ನ ಹೊಸ್ಲು ನೀನು ತುಳೀಬ್ಯಾಡ.”

ಗಂಟು ಕಂಕುಳಲ್ಲೇ ಇಟ್ಟುಕೊಂಡು ಹೊರಟುಹೋದ. ಲಾರಿ ಇನ್ನೂ ಅಲ್ಲೇ ನಿಂತಿತ್ತಂತೆ. ನನ್ನ ಮದುವೇಲಿ ಎಲ್ಲರೂ ಲಾರಿ ನೋಡಿದರು, ನನ್ನ ಮುಖ ನೋಡಿದವರು ಯಾರೂ ಇಲ್ಲ ಎಂದು ಶಾರದತ್ತೆ ಇವತ್ತಿಗೂ ಹೇಳುತ್ತಾಳೆ.

ಇದು ಅತ್ತೆಯ ಹೇಳಿಕೆ. ನಾನು ಬೆಳೆದದ್ದು ಬೇರೆ ಹೇಳಿಕೆಗಳನ್ನು ಕೇಳಿಕೊಂಡು. ನಮ್ಮ ಮನೆಯ ಅಧಿಕೃತ ಆವೃತ್ತಿಯಲ್ಲಿ ತಪ್ಪೆಲ್ಲ ತಂತಿಯದು, ಅದು ತಡವಾಗಿ ಬಂತು. ನಾನು ಚಿಕ್ಕವಳಿದ್ದಾಗ ಅದು ಧಾರೆಯಾದ ಮೇಲೆ ಬರುತ್ತಿತ್ತು. ಹೈಸ್ಕೂಲಿಗೆ ಹೋಗುವ ಹೊತ್ತಿಗೆ ಊಟವಾದ ಮೇಲೆ ಬರತೊಡಗಿತು. ಹಾಗೇ ಬಿಟ್ಟಿದ್ದರೆ ಇಷ್ಟರಲ್ಲಿ ಅದು ಬರುವುದನ್ನೇ ನಿಲ್ಲಿಸಿರುತ್ತಿತ್ತು. ತಾತ ತೀರಿಕೊಂಡ ಮೇಲೆ ಎಲ್ಲರಿಗೂ ಇನ್ನೊಂದು ಅನುಕೂಲವಾಯಿತು: ಲಕೋಟೆ ಬಚ್ಚಿಟ್ಟದ್ದು ತಾತ, ಹೆಂಡತಿಗೂ ಹೇಳದೆ. ಎದ್ದು ಬಂದು ತಕರಾರು ಮಾಡುವ ಸ್ಥಿತಿಯಲ್ಲಿ ಅವನಿರಲಿಲ್ಲ.

ಹೊಸಕೋಟೆಯ ಆವೃತ್ತಿ ನನಗೆ ಸಿಕ್ಕಿದ್ದು ಸವಿತಳಿಂದ. ಅವಳು ಮಾವನ ಮೊಮ್ಮಗಳು, ನನ್ನ ವಯಸ್ಸಿನವಳೇ. ಎರಡು ಮನೆಗಳ ನಡುವೆ ರಾಯಭಾರ ಇರುವುದು ನಮ್ಮಿಬ್ಬರ ಫೋನಿನಲ್ಲಿ ಮಾತ್ರ, ಅದೂ ಹೆಚ್ಚಾಗಿ ನಗುವ ಚಿತ್ರಗಳ ರೂಪದಲ್ಲಿ. ಅವರ ಮನೆಯ ಪ್ರಕಾರ ನಾವು ತಂತಿ ಓದಿಯೂ ಓದದ ಹಾಗೆ ನಟಿಸಿದೆವು, ಮಾವನ ದೊಡ್ಡಸ್ತಿಕೆ ಮುರಿಯಲು. ಹೀಗೆ ಅವರು ನಮ್ಮನ್ನು ಮೋಸಗಾರರೆನ್ನುತ್ತಾರೆ, ನಾವು ಅವರನ್ನು ಸಿಡುಕರೆನ್ನುತ್ತೇವೆ. ಎರಡೂ ಮನೆಗಳು ಒಪ್ಪುವ ಸಂಗತಿ ಒಂದೇ: ಪಾಪ, ರಂಗಮ್ಮನಿಗೆ ಏನೂ ಗೊತ್ತಿರಲಿಲ್ಲ.

ವಾದಿ ಪ್ರತಿವಾದಿ ಇಬ್ಬರೂ ಒಂದೇ ಮಾತು ಹೇಳಿದರೆ ನನಗೆ ಅನುಮಾನ ಹುಟ್ಟುತ್ತದೆ. ಇದು ಕಲಿತದ್ದೋ ಹುಟ್ಟುಗುಣವೋ ಗೊತ್ತಿಲ್ಲ. ಅಜ್ಜಿ ನಾನು ಶಾಲೆಗೆ ಹೋಗುವಾಗಲೇ ಲಾಯರಮ್ಮ ಎಂದು ಕರೆಯುತ್ತಿದ್ದಳು. ನನ್ನ ಅನುಮಾನ ಸರಳವಾದದ್ದು. ಗಂಡಸರೆಲ್ಲ ಚಪ್ಪರದ ಮೇಲೆ, ಏಣಿಯ ಮೇಲೆ ಇದ್ದರು. ಸೈಕಲ್ಲಿನವನು ಬಾಗಿಲಲ್ಲಿ ಬಂದು ನಿಂತಾಗ ಲಕೋಟೆಗೆ ಕೈಯೊಡ್ಡಿದವರು ಯಾರು? ಶಾರದತ್ತೆಯನ್ನು ಕೇಳಿದೆ. ಎಲ್ಲವನ್ನೂ ಹೇಳುವ ಅತ್ತೆ ಆ ಒಂದು ಕಡೆ ಮಾತ್ರ ತಾನು ತಲೆ ತಗ್ಗಿಸಿ ಕೂತಿದ್ದನ್ನು ಜ್ಞಾಪಿಸಿಕೊಂಡಳು.

ಅಜ್ಜಿಯನ್ನು ಕೇಳುವ ಧೈರ್ಯ ಆಗಿರಲಿಲ್ಲ. ತಾತ ಹೋದ ದಿನ ಮಾವ ಬಂದಿದ್ದ. ಬೀದಿಯಲ್ಲೇ ನಿಂತ, ಚಟ್ಟಕ್ಕೆ ಹೆಗಲು ಕೊಟ್ಟ, ಹೊಸ್ತಿಲು ತುಳಿಯದೆ ಮಧ್ಯಾಹ್ನದ ಬಸ್ಸಿಗೆ ಹೋದ. ಅಜ್ಜಿ ಒಳಗಿನಿಂದ ಅವನನ್ನು ನೋಡುತ್ತಿದ್ದಳು. ಅಷ್ಟು ಅಳುವ ಹೆಂಗಸರ ನಡುವೆ ಅವಳು ಅವನು ತಿರುವಿನಲ್ಲಿ ಮರೆಯಾಗುವ ತನಕ ಅತ್ತಿರಲಿಲ್ಲ. ಸಲಕರಣೆಗಳು ಆ ಹೊತ್ತಿಗೆ ಎಷ್ಟೋ ಮುಂದುವರಿದಿದ್ದವು. ಎಲ್ಲರ ಜೇಬಿನಲ್ಲೂ ಫೋನಿತ್ತು. ಇಬ್ಬರ ನಡುವೆ ಇದ್ದದ್ದು ಒಂದು ಹೊಸ್ತಿಲಿನ ಅಗಲ.

ಈ ಮಳೆಗಾಲದ ಮೊದಲಲ್ಲಿ ಸವಿತ ಬರೆದಳು. ತನ್ನ ತಾತ, ಅಂದರೆ ಹೊಸಕೋಟೆ ಮಾವ, ಹಾಸಿಗೆ ಹಿಡಿದಿದ್ದಾನೆ, ಗಂಜಿ ಬಿಟ್ಟು ಬೇರೇನೂ ಇಳಿಯುವುದಿಲ್ಲ, ಪಾವಗಡದ ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಅಂದಿದ್ದಾರೆ. ನಾನು ಓದಿ ಹೇಳಿದಾಗ ಅಜ್ಜಿ ಮೊರದಲ್ಲಿ ಕಡ್ಲೆಬೀಜ ಆರಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ. ಆರಿಸುತ್ತಲೇ, ಅವನಿಗೆ ಒಂದು ಮಾತು ಹೇಳುವುದಿದೆ ಎಂದಳು. ಹೇಳದೆ ಅವನು ಹೋಗಿಬಿಟ್ಟರೆ ತನಗೆ ಅನ್ನ ಇಳಿಯುವುದಿಲ್ಲ ಎಂದೂ ಸೇರಿಸಿದಳು, ಹವಾಮಾನ ಹೇಳುವವರ ದನಿಯಲ್ಲಿ.

ಏನು ಮಾತು ಎಂದರೆ, ಅವನಿಗೇ ಹೇಳುವ ಮಾತು ಎಂದಳು. ಬಸ್ಸು ಹತ್ತು, ನಾನೇ ಕರೆದುಕೊಂಡು ಹೋಗುತ್ತೇನೆ ಎಂದೆ. ಅವನು ತುಳಿಯಬೇಡ ಅಂದಿರುವ ಹೊಸ್ತಿಲನ್ನು ಅವನು ಕರೆಯದೆ ತುಳಿಯುವುದು ಹೇಗೆ ಎಂದಳು. ಅಪ್ಪ ನನ್ನ ಮೇಲೆ ರೇಗಿದ. ಅಜ್ಜಿಗೆ ಬಿಪಿ ಇದೆ, ಆರಿದ ಬೂದಿ ಯಾಕೆ ಕೆದಕುತ್ತೀಯ ಎಂದ. ಶಿರಾದಿಂದ ಶಾರದತ್ತೆ ಫೋನಿನಲ್ಲೇ ಅಪ್ಪನ ಮೇಲೆ ರೇಗಿದಳು. ನನ್ನ ಮದುವೆಯ ಜಗಳ ನನ್ನ ಮೊಮ್ಮಕ್ಕಳ ಮದುವೆಗೂ ಉಳಿಸಬೇಕಾ ಎಂದು ಅವಳ ಪ್ರಶ್ನೆ. ಇಷ್ಟೆಲ್ಲ ನಡೆಯುವಾಗ ಅಜ್ಜಿ ನನ್ನನ್ನು ಹಿತ್ತಲಿಗೆ ಕರೆದು, ವಕೀಲರ ಮನೆಗೆ ಬಂದ ಕಕ್ಷಿದಾರಳ ಹಾಗೆ ದನಿ ತಗ್ಗಿಸಿ ಕೇಳಿದಳು.

“ಲೇ ಲಾಯರಮ್ಮ, ಪೋನ್ನಾಗೆ ಮಾತಾಡಿದ್ರೆ ಹೊಸ್ಲು ತುಳ್ದಂಗಾಗ್ತದಾ?”

ಇಂಥ ಪ್ರಶ್ನೆಗೆ ಓದಿದ ಯಾವ ಕಾನೂನಿನಲ್ಲೂ ಉತ್ತರವಿಲ್ಲ, ಆದ್ದರಿಂದ ಪೂರ್ತಿ ಆತ್ಮವಿಶ್ವಾಸದಿಂದ ಉತ್ತರಿಸಿದೆ. ಹೊಸ್ತಿಲು ತುಳಿಯುವುದು ಕಾಲು, ದನಿಗೆ ಕಾಲಿಲ್ಲ. ಓದದ ತಂತಿ ಬಂದಿಲ್ಲದ ತಂತಿಯಾದರೆ, ಕಾಲಿಡದ ಮನೆ ಹೋಗದ ಮನೆಯೇ. ಮುಖ ಕಂಡರೆ ಎಂದು ಅಡ್ಡಪ್ರಶ್ನೆ ಹಾಕಿದಳು. ಮುಖಕ್ಕೂ ಕಾಲಿಲ್ಲ ಎಂದೆ. ಅವಳು, ಅಂಗಾರೆ ಮುಖಾನೂ ಕಾಣ್ಲಿ ಬುಡು ಎಂದಳು. ಐವತ್ತು ವರ್ಷದ ಶಪಥಕ್ಕೆ ಇಷ್ಟು ಅಗ್ಗದ ಕಿಂಡಿ ಇತ್ತು, ಯಾರೂ ಹುಡುಕಿರಲಿಲ್ಲ ಎಂದು ನನಗೆ ನಗು ಬಂತು. ಆಗ ಬಂತು.

ಮಾರನೆಯ ಬೆಳಿಗ್ಗೆ ಅಜ್ಜಿ ತಲೆಗೆ ನೀರು ಹಾಕಿಕೊಂಡು, ಇಸ್ತ್ರಿ ಮಾಡಿದ ಸೀರೆ ಉಟ್ಟು, ನಡುಮನೆಯಲ್ಲಿ ಚಾಪೆ ಹಾಸಿ ಕೂತಳು. ನಾನು ಫೋನನ್ನು ಹಿತ್ತಾಳೆ ಚೊಂಬಿಗೆ ಒರಗಿಸಿ ಎದುರಿಗಿಟ್ಟೆ. ಅಪ್ಪ ಪೇಪರ್ ಓದುವ ನೆಪದಲ್ಲಿ ಬಾಗಿಲಲ್ಲಿ ನಿಂತಿದ್ದ. ಆ ಕಡೆ ಸವಿತ ಎತ್ತಿದಳು. ಮೊದಲು ಹೊಸಕೋಟೆಯ ಮನೆಯ ಜಂತೆ ಕಂಡಿತು, ಆಮೇಲೆ ಒಂದು ಕಿವಿ, ಆಮೇಲೆ ಪರದೆಯ ತುಂಬ ಒಂದು ಗಡ್ಡ. ಸವಿತ ಫೋನು ಹಿಂದಕ್ಕೆ ಹಿಡಿದ ಮೇಲೆ ಅದು ಮುಖವಾಯಿತು.

ಅಜ್ಜಿ ಪಾವಗಡಕ್ಕೆ ಕೂಗುವ ಹಳೆಯ ಕಾಲದ ಗಂಟಲಿನಲ್ಲಿ, ಅಣ್ಣಾ ಎಂದು ಕೂಗಿದಳು. ಬೀದಿಯಲ್ಲಿ ಹೋಗುತ್ತಿದ್ದವರು ಬಗ್ಗಿ ನೋಡಿದರು. ಮೆಲ್ಲಗೆ ಮಾತಾಡಿದರೆ ಸಾಕು ಎಂದು ನಾನು ಅವಳ ಮೊಣಕೈ ಮುಟ್ಟಿದೆ. ಆ ಕಡೆಯಿಂದ ತೀರ ಸಣ್ಣ ದನಿ ಬಂತು.

“ಏಮ್ಮಾ ರಂಗೀ, ಬಾಗುಂಡಾವಾ?”

ಗಡಿಯ ಊರಿನಲ್ಲಿ ಅಷ್ಟು ವರ್ಷ ಬಾಳಿ ಅವನ ಕನ್ನಡಕ್ಕೆ ತೆಲುಗು ಹತ್ತಿಕೊಂಡಿತ್ತು. ಅಜ್ಜಿ ಚೆನ್ನಾಗಿದ್ದೀನಿ ಎಂದಳು. ಹಲ್ಲಿದ್ದಾವಾ ಎಂದು ಅವನು ಕೇಳಿದ. ಎರಡು ಉಳಿದಿವೆ ಎಂದಳು. ತನಗೆ ಒಂದೂ ಇಲ್ಲ, ನೀನೇ ಗೆದ್ದೆ ಎಂದ. ಮಳೆ ಬಂತಾ ಎಂದು ಇವಳು, ಬಿತ್ತನೆ ಆಯ್ತಾ ಎಂದು ಅವನು. ನಿನ್ನೆ ಬೆಳಿಗ್ಗೆ ಬಿಟ್ಟ ಮಾತನ್ನು ಇವತ್ತು ಎತ್ತಿಕೊಂಡವರ ಹಾಗಿತ್ತು. ಬಾಗಿಲಲ್ಲಿ ಅಪ್ಪನ ಪೇಪರಿನ ಪುಟ ತಿರುಗುವುದು ನಿಂತಿತ್ತು. ಇದು ಇಷ್ಟು ಸುಲಭವಿತ್ತೇ ಎಂದು ನನಗೆ ಬೇಸರವೇ ಆಯಿತು. ನಾನು ಒಂದು ಕ್ಷಣ ನನ್ನ ಕಾಲೇಜಿನ ಭಾಷಣವನ್ನು ನಂಬಿದೆ.

ಆಮೇಲೆ ಅಜ್ಜಿ ಸೆರಗು ಸರಿಮಾಡಿಕೊಂಡು, ಫೋನಿಗೆ ಹತ್ತಿರ ಸರಿದು ಕೂತಳು. ಈಗ ಅವಳು ಕೂಗಲಿಲ್ಲ.

“ಅಣ್ಣ, ತಂತಿ ಬಚ್ಚಿಟ್ಟಿದ್ದು ಅವ್ರು ಅಂತ ಎಲ್ರೂ ಅಂತಾರೆ. ಅವ್ರಲ್ಲ ಕಣಣ್ಣ. ಸೈಕಲ್ನೋನು ಕೊಟ್ಟಿದ್ದು ನನ್ನ ಕೈಗೆ. ಧಾರೆ ಆಗ್ಲಿ, ಆಮೇಲೆ ನೋಡಾನ, ಎತ್ತಿಡಿ ಅಂತ ಅವ್ರಿಗೆ ಕೊಟ್ಟೋಳು ನಾನೇ.”

ಅಪ್ಪ ಒಳಗೆ ಎರಡು ಹೆಜ್ಜೆ ಬಂದು ನಿಂತ. ಹೊಸಕೋಟೆಯ ಮುಖ ಕಣ್ಣು ಮುಚ್ಚಿತು, ಆಮೇಲೆ ಅಲ್ಲಾಡಲಿಲ್ಲ. ಚಿತ್ರ ಹಿಡಿದುಕೊಂಡಿದೆ ಎಂದುಕೊಂಡೆ. ಅಲ್ಲಿ ಗುಡ್ಡಗಳ ಕಡೆ ಸಿಗ್ನಲ್ ಹಾಗೆಯೇ. ನಾನು ಬಗ್ಗಿ ನೋಡಿದೆ. ಸಿಗ್ನಲ್ ಗೆರೆಗಳು ಪೂರ್ತಿ ಇದ್ದವು. ಆ ಕಡೆ ಫ್ಯಾನು ತಿರುಗುವ ಸದ್ದು ಕೇಳುತ್ತಿತ್ತು, ಸವಿತಳ ಬಳೆ ಕೇಳುತ್ತಿತ್ತು, ಮುದುಕನ ಉಸಿರು ಎಳೆದು ಬಿಡುವುದೂ ಕೇಳುತ್ತಿತ್ತು. ಇಷ್ಟು ಸ್ಪಷ್ಟವಾಗಿ ಕೇಳಿಸುವ ಯಂತ್ರವನ್ನು ಯಾರು ಯಾಕೆ ಕಂಡುಹಿಡಿದರೋ ಎನಿಸಿತು.

ಕೊನೆಗೆ ಅವನು ಕಣ್ಣು ತೆರೆದು ತಂಗಿಯನ್ನು ನೋಡಿದ. ದನಿಯಲ್ಲಿ ಸಿಟ್ಟಿರಲಿಲ್ಲ. ನಿಜಕ್ಕೂ ತಿಳಿದುಕೊಳ್ಳಬೇಕೆಂದು ಕೇಳುವವನ ದನಿ ಅದು. ನಾವೆಲ್ಲರೂ ಅಜ್ಜಿಯ ಮುಖವನ್ನೇ ನೋಡುತ್ತಿದ್ದೆವು. ಅವನು ಕೇಳಿದ್ದು ಇಷ್ಟೇ.

“ಅಂಗಾರೆ ಒಂದು ಮಾತು ಚೆಪ್ಪು ರಂಗೀ. ಮಗಳ ಪಕ್ಕ ಕುಂತು ಧಾರೆ ಹುಯ್ಯುವಾಗ, ನಿನ್ನ ಮನಸ್ನಾಗೆ ನಾನು ಬದ್ಕಿದ್ನಾ, ಸತ್ತಿದ್ನಾ?”